ಗೆರೆ ಕಾಯುವವ

ಕ್ಯಾಂಪಿನೊಳಗ, ಚರ್ಚಿನ ಗೋಡೆಗೆ ಬೆನ್ನು ಹಚ್ಚಿ
ನಂದೊಂದು ಗೋಣಿತಟ್ಟು, ಒಂದು ಆರಿ, ಮೇಣ ಸವರಿದ ದಾರ.
ಬೂಟು ಹೊಲಿತೀನಿ, ಚೆಂಡೂ ಹೊಲಿತೀನಿ.
ಚೆಂಡಿನ ಕೊನೀ ಹೊಲಿಗಿಯ ಗಂಟು
ಒಳಗ ಹೋಗಬೇಕು, ಹೊರಗ ಕಾಣಬಾರದು.
ಅಷ್ಟ ನನ್ನ ವಿದ್ಯಾ.

ಇವತ್ತು ಮುಂಜಾನಿಂದ ಇಲ್ಲೇ ಕೋರ್ಟು ಕೂತೈತಿ.
ಪೇಪರಿನ್ಯಾಗ ನೌಶಾದ ಕಿಲ್ಲೇದಾರನ ಫೋಟೋ:
ಬೂಟಿಲ್ಲ, ಜರ್ಸಿಯಿಲ್ಲ, ಇಸ್ತ್ರಿ ಹೊಡೆದ ಬಿಳಿ ಅಂಗಿ,
ವಕೀಲನ ಹಿಂದ ಮೆಟ್ಟಲ ಇಳಿಯಾಕತ್ತಾನ.
ರೆಫರಿಯ ಕೊರಳಪಟ್ಟಿ ಹಿಡಿದಾನಂತ,
ಮೈದಾನದಾಗ ಅಲ್ಲ,
ಬಟ್ಟಿ ಬದಲಿಸೋ ಕೋಲಿಯ ಹಾದಿಯಾಗ,
ಕ್ಯಾಮೆರಾದ ಕಣ್ಣು ಮುಟ್ಟದ ಕಡೆ.
ಲೀಗಿನವರು ಒಂಬತ್ತು ತಿಂಗಳು ಹೊರಗ ಹಾಕಿದರು.
ಇವ ಲೀಗಿನ ಮ್ಯಾಲ ಕೇಸ ಜಡಿದ.

‘ಒಂಬತ್ತು ತಿಂಗಳು! ಹಡಿಯಾಕ ಕಳಿಸ್ಯಾರೇನು?’
ಅಂದ ಪುಂಡಲೀಕ ಹೊನಗೇಕರ, ಬಸಿಯೊಳಗಿನ ಚಹಾ ಊದುತ್ತ.

‘ಸೀಟಿ ಅಂದ್ರ ಸೀಟಿ,’ ಆಲ್ವಾರಿಸ್ ಮಾಸ್ತರು ಕೊಡಿ ನೆಲಕ್ಕ ಕುಟ್ಟಿದರು.
‘ಊದಿದವ ಕುರುಡಿರಲಿ, ಕಳ್ಳಿರಲಿ,
ಊದಿದ ಮ್ಯಾಲ ಚೆಂಡು ನಿಲ್ಲಬೇಕು.
ಊದಿದವನ್ನ ಕಟಕಟೆಗೆ ಎಳೆದ್ರ
ಆಟ ಮುಗಿಯೂದು ಯಾವಾಗ?’

ಉದ್ಯಮಬಾಗದ ಫೌಂಡ್ರಿಯ ಬಸಲಿಂಗ ಎದ್ದು ನಿಂತ,
ಉಗುರಿನ ಸಂದಿಯಾಗ ಇನ್ನೂ ಕರಿ ಮರಳು.
‘ನನ್ನ ಸಸ್ಪೆಂಡ್ ಮಾಡಿದಾಗ ಕಾಗದನಾದ್ರೂ ಕೊಟ್ಟಿದ್ರು,
ಏನ್ ಹೇಳ್ತಿ ಅಂತ ಕೇಳಿದ್ರು.
ಇಲ್ಲಿ ತಪ್ಪು ಹೊರಿಸಿದವರೂ ಅವರ, ತೂಗಿದವರೂ ಅವರ,
ದಂಡ ಎಣಿಸಿ ಗಲ್ಲೆಗೆ ಹಾಕಿಕೊಂಡವರೂ ಅವರ!’

‘ಅವ ಕೋಟಿ ಎಣಿಸ್ತಾನಲೇ, ನಿನಗೂ ಅವಗೂ ಎಲ್ಲಿ ಹೋಲಿಕಿ?’

‘ಕೋಟಿ ಎಣಿಸಿದವಗ ಬಾಯಿ ಇರಬಾರದೇನು?’

ತಾರೀಖು ಬೀಳ್ತಾವ, ತಾರೀಖು ಹೋಗ್ತಾವ ಅಂದ ಯಾವನೋ.
ನಮ್ಮೂರಿಗೆ ಅದೇನು ಹೊಸಾದು?
ಊರು ಯಾರದು ಅಂತ ಹೂಡಿದ ಕೇಸ ಇನ್ನೂ ದಿಲ್ಲಿಯಾಗ ಕೂತೈತಿ,
ಅದಕ್ಕ ಮೊಮ್ಮಕ್ಕಳಾಗೂ ಹೊತ್ತಾತು.
ಎಲ್ಲಾರೂ ನಕ್ಕರು, ಇಬ್ಬರು ಮರಾಠಿಯಾಗ, ಮೂವರು ಕನ್ನಡದಾಗ.
ಆಮ್ಯಾಲ ಬಸಲಿಂಗ ಮೆತ್ತಗ ಅಂದ:
‘ಮೂವತ್ತೊಂದು ವರ್ಷದ ಮೊಣಕಾಲು
ಎಷ್ಟು ತಾರೀಖು ತಾಳ್ತೈತಿ?’

ಚಪ್ಪಲಿ ಉಂಗುಟ ಕಿತ್ತುಕೊಂಡು ಬಂದ ಲಾ ಕಾಲೇಜಿನ ಹುಡುಗಿ
ಒಂದ ಕಾಲ ಮ್ಯಾಲ ನಿಂತು ಕೇಳಾಕತ್ತಿದ್ದಳು.
‘ಅವನದು ತಪ್ಪಿಲ್ಲ ಅಂತ ಕೋರ್ಟು ಹೇಳಿಲ್ಲರಿ.
ಅವನ ಮಾತೂ ಕೇಳ್ರಿ ಅಂದೈತಿ.
ಕೇಳೋತನಕ ಆಡಲಿ ಅಂದೈತಿ.’

‘ಅಷ್ಟನ?’ ಅಂದರು ಮಾಸ್ತರು.

‘ಅಷ್ಟರಿ.’

ಆಗ ಎಲ್ಲಾರ ಮುಖ ನನ್ನ ಕಡೆ ತಿರುಗಿತು.
‘ನೀ ಹೇಳೋ ಪರಸೂಕಾಕಾ, ಗೆರಿ ಮ್ಯಾಲ ನಿಂತವ ನೀನು.’

ನಿಂತಿದ್ದೆ. ಹದಿನಾಲ್ಕು ವರ್ಷದ ಹಿಂದ,
ಐತವಾರದ ಫೈನಲ್ಲು, ಕೈಯಾಗ ಕೆಂಪು ಬಾವುಟ,
ಎದುರಿಗೆ ಇಳಿಬಿಸಲು.
ಗೋಲಿನ ಮುಂದ ಹುಡುಗರ ಗುಂಪಿ,
ಒಬ್ಬನ ತುಟಿ ಒಡೆದು ರಕ್ತ.
ಕಂಡಿದ್ದು ರಕ್ತ ಅಷ್ಟ. ಕೈ ತಾನ ಮ್ಯಾಲ ಹೋತು.
ಮೊಣಕೈ, ಅಂದೆ. ಯಾರದು? ಅಂದರು.
ಆ ಗುಂಪಿಯಾಗ ನನಗ ಗುರ್ತಿದ್ದದ್ದು ಒಂದ ಜೋಡು ಬೂಟು,
ಅದಕ್ಕ ಸ್ಟಡ್ ಹೊಡೆದವ ನಾನ.
‘ಹನ್ನೊಂದು ನಂಬರ,’ ಅಂದೆ.

ಎರಡು ತಿಂಗಳು ಹೊರಗ. ಆ ವರ್ಷದ ಸೆಲೆಕ್ಷನ್ನೂ ಹೋತು.
ಮರುದಿನ ಬಂದ ನೌಶಾದ,
ಬರಿಗಾಲು, ಕೈಯಾಗ ಬೂಟು.
‘ಕಾಕಾ, ಖರೇ ಕಂಡ್ರಿ?’
ಸೂಜಿಗೆ ದಾರ ಪೋಣಿಸಾಕತ್ತಿದ್ದೆ.
ತಲಿ ಎತ್ತದ ‘ಕಂಡೆ’ ಅಂದೆ.
ಮತ್ತೇನೂ ಕೇಳಲಿಲ್ಲ ಅವ.
ಒಂದು ಸ್ಟಡ್ ಸಡಿಲಾಗೈತಿ ನೋಡ್ರಿ, ಅಂದ.
ರೊಕ್ಕಾ ಕೊಟ್ಟ ಹೋದ.

‘ಆಡಲಿ ಬಿಡ್ರಿ,’ ಅಂದೆ ಇವರಿಗೆ.
ಅದೂ ಒಂದು ತೀರ್ಪೇನು ಅಂತ ಬೈದು
ಶನಿವಾರದ ಮ್ಯಾಚಿಗೆ ಪಂದ್ಯ ಕಟ್ಟಿಕೋತ ಎದ್ದು ಹೋದರು.
ಹುಡುಗಿ ಚಪ್ಪಲಿ ಮೆಟ್ಟಿ ನೆಲ ಒತ್ತಿ ನೋಡಿದಳು.
ಹತ್ತರ ನಾಣ್ಯ ಇಟ್ಟಳು.

‘ತಂಗಿ, ಅಫಿಡವಿಟ್ಟಿಗೆ ಎಷ್ಟರ ಸ್ಟಾಂಪು ಬೇಕವಾ?’

‘ಯಾರ ಕೇಸರಿ, ಕಾಕಾ?’

‘ಹಳೇದು.’

‘ಹಳೇದಾದ್ರ ಅವಧಿ ಮುಗಿದಿರಬೇಕರಿ.’

‘ಹೌದೇನು,’ ಅಂದೆ.
ಚರ್ಚಿನ ನೆರಳು ತಟ್ಟಿನತನಕ ಬಂದಿತ್ತು.
ಮಡಲಾಗ ಯಾರದೋ ಪೋರನ ಚೆಂಡು,
ಇನ್ನೂ ಕೊನೀ ಹೊಲಿಗಿ ಬಾಕಿ.